ಟವೆಲ್ ಹಾರಿದ ದಿಕ್ಕು

ಮನೆಯಿಂದ,
ನೀರಿನ ಟ್ಯಾಂಕಿನ ಹಿಂದಿನ ಬೀದಿ,
ಶನಿವಾರ, ಬಟ್ಟೆ ಒಣಹಾಕಿ ಬಂದ ಮೇಲೆ

ನನ್ನ ಪ್ರೀತಿಯ ದೊಡ್ಡಮನುಷ್ಯೆಗೆ,

ಅಪ್ಪನ ಆಶೀರ್ವಾದಗಳು. ಹೇಗಿದ್ದೀಯ? ಫೋನಿನಲ್ಲಿ ಈ ಮಾತು ಕೇಳಿದಾಗಲೆಲ್ಲ ನೀನು 'ಫಸ್ಟ್ ಕ್ಲಾಸ್ ಅಪ್ಪಾ' ಅನ್ನುತ್ತೀಯ, ನಾನು 'ಆಯ್ತಮ್ಮಾ' ಅಂತ ಫೋನಿಡುತ್ತೇನೆ. ಈ ಸಲ ಕಾಗದದಲ್ಲಿ ಕೇಳುತ್ತಿದ್ದೇನೆ, ಉತ್ತರ ಕೊಡುವ ಮೊದಲು ನಿನಗೂ ಉಸಿರಾಡಲು ಸ್ವಲ್ಪ ಹೊತ್ತು ಸಿಗಲಿ ಅಂತ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿದ್ದೆ ಬರುತ್ತದಾ? ಕಿವಿ ಹೇಗಿದೆ? ಇದ್ದಕ್ಕಿದ್ದ ಹಾಗೆ ಕಿವಿ ಎಲ್ಲಿಂದ ಬಂತು ಅಂತ ಹುಬ್ಬು ಗಂಟಿಕ್ಕಬೇಡ, ಅಲ್ಲಿಗೇ ಬರುತ್ತಿದ್ದೇನೆ, ಆದರೆ ನನ್ನ ದಾರಿ ನಿನಗೆ ಗೊತ್ತೇ ಇದೆ, ಊರೆಲ್ಲ ಸುತ್ತಿ ಬರುವ ದಾರಿ. ನಾನು ಗಟ್ಟಿಯಾಗಿದ್ದೇನೆ. ಎಡಮಂಡಿ ಎಂದಿನಂತೆ ತಕರಾರು ಮಾಡುತ್ತದೆ, ಬಲಮಂಡಿ ಸಮಾಧಾನ ಹೇಳುತ್ತದೆ. ಆದರೆ ಗುರುವಾರದಿಂದ ಎದೆಯೊಂದು ನೆಟ್ಟಗೆ ನಿಂತಿಲ್ಲ. ಡಾಕ್ಟರಿಗೆ ತೋರಿಸುವಂಥದ್ದಲ್ಲ, ಗಾಬರಿಯಾಗಬೇಡ. ಪಕ್ಕದಲ್ಲೇ ಸಿಡಿಲು ಬಿದ್ದವನು ಮೈಯೆಲ್ಲ ಮುಟ್ಟಿ ನೋಡಿಕೊಂಡು, ಏನೂ ಆಗಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೂ ಕಿವಿಯಲ್ಲಿ ಗುಂಯ್ ಅನ್ನುವುದು ನಿಲ್ಲುವುದಿಲ್ಲವಲ್ಲ, ಅಂಥದ್ದು. ಈ ಸಾಲನ್ನೇ ಎರಡು ಸಲ ಹೊಡೆದುಹಾಕಿ ಬರೆದಿದ್ದೇನೆ. ಓದಲು ಬಾರದಿದ್ದರೆ ಬಿಟ್ಟು ಮುಂದೆ ಹೋಗು.

ನಿನಗೆ ಗೊತ್ತಿಲ್ಲದ ಒಂದು ಸಂಗತಿಯಿಂದ ಶುರು ಮಾಡಬೇಕು. ನಿನ್ನ ಅಪ್ಪ ವಿಮಾನ ಹಾರಿಸುತ್ತಾನೆ. ನಗಬೇಡ. ಮುಂದಿನ ಕೋಣೆಯಲ್ಲಿ, ನಿಮ್ಮಮ್ಮನ ಹೊಲಿಗೆ ಯಂತ್ರದ ಮೇಜಿನ ಮೇಲೆ, ಕಂಪ್ಯೂಟರಿಗೆ ಒಂದು ಗೇರ್ ಕಡ್ಡಿಯಂಥದ್ದನ್ನು ಸಿಕ್ಕಿಸಿಕೊಂಡು. ಇದು ಶುರುವಾದದ್ದೇ ನಿಜವಾದ ಪೈಲಟ್ ಆದ ನಿನ್ನಿಂದ. ನಮ್ಮೂರಿನಲ್ಲಿ ಅರ್ಧ ಗಂಟೆ ಇಳಿದು ಮತ್ತೆ ಹೊರಡುವ ಡ್ಯೂಟಿ ಬಿದ್ದ ದಿನವೆಲ್ಲ ನೀನು ಫೋನ್ ಮಾಡಿ, 'ಅಪ್ಪಾ, ಮನೆಗೆ ಬರೋಕೆ ಟೈಮಿಲ್ಲ, ಟ್ಯಾಂಕ್ ಮೇಲೆ ಬರ್ತೀನಿ, ತಾರಸಿಗೆ ಹತ್ತು' ಅನ್ನುತ್ತಿದ್ದೆ. ನಾನೂ ನಿಮ್ಮಮ್ಮನೂ ಕೆಂಪು ಟವೆಲ್ ಹಿಡಿದು ಮೇಲೆ ಹೋಗುತ್ತಿದ್ದೆವು. ಟ್ಯಾಂಕಿನ ಆಚೆಯಿಂದ ವಿಮಾನ ಏರಿಬಂದ ಕೂಡಲೇ ನಿಮ್ಮಮ್ಮ, 'ಬಲಗಡೆ ಸೀಟಲ್ಲಿ ಕೂತಿರ್ತಾಳೆ ರೀ, ಬಲಗಡೆ, ಅಲ್ಲಿ ನೋಡಿ ಬೀಸಿ' ಅಂತ ನನ್ನ ಭುಜವನ್ನೇ ತಿರುಗಿಸುತ್ತಿದ್ದಳು. ಅವಳು ಹೋದ ಮೇಲೆ ನಾನೊಬ್ಬನೇ ಬೀಸಿದೆ. ಸಂಜೆ ನೀನು ತಪ್ಪದೆ ಫೋನ್ ಮಾಡಿ, 'ಕಂಡಿತು ಅಪ್ಪಾ' ಅನ್ನುತ್ತಿದ್ದೆ. ಅಷ್ಟು ಎತ್ತರದಿಂದ ಟವೆಲ್ ಕಾಣುತ್ತದೋ ಇಲ್ಲವೋ, ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಕೆಲವು ಮಾತನ್ನು ಬಿಚ್ಚಿ ನೋಡಬಾರದು.

ಆ ಫೋನಿನಲ್ಲಿ ನೀನು ನನ್ನನ್ನು ರೇಗಿಸಲೆಂದೇ 'ಟೂ ಸೆವೆನ್, ಡೊಲಿನ್ ಟೂ ಆಲ್ಫಾ, ಟ್ಯಾಂಕ್ ದಾಟಿ ಎಡಕ್ಕೆ' ಅಂತ ಒಂದೇ ಉಸಿರಿಗೆ ಮಂತ್ರದಂತೆ ಒದರುತ್ತಿದ್ದೆಯಲ್ಲ, ಆ ಮಂತ್ರ ಕಲಿತು ಒಂದು ದಿನ ನಿನಗೇ ತಿರುಗಿಸಿ ಹೇಳಿ ಬಾಯಿ ಮುಚ್ಚಿಸಬೇಕು ಅನ್ನುವುದು ನನ್ನ ಹಟ. ವಿಚಾರಿಸಿದಾಗ ಗೊತ್ತಾಯಿತು, ಲೋಕದ ತುಂಬ ನನ್ನಂಥ ಹುಚ್ಚರು ತಂತಮ್ಮ ಮನೆಯಲ್ಲಿ ಕೂತು, ಇಂಟರ್ನೆಟ್ಟಿನಲ್ಲಿ ಎಲ್ಲರೂ ಒಂದೇ ಆಕಾಶ ಹಂಚಿಕೊಂಡು ವಿಮಾನ ಹಾರಿಸುತ್ತಾರಂತೆ. ಅದರಲ್ಲೇ ಇನ್ನು ಕೆಲವರು ಕಂಟ್ರೋಲರ್ ಆಗಿ ಕೂತು ಅಪ್ಪಣೆ ಕೊಡುತ್ತಾರಂತೆ. ಸಂಬಳವಿಲ್ಲ, ಸಾರಿಗೆಯಿಲ್ಲ, ಬೈಗುಳ ಮಾತ್ರ ನಿಜದ್ದು. ನಮ್ಮೂರಿನ ಆಕಾಶಕ್ಕೆ ಕಂಟ್ರೋಲರ್ ಒಬ್ಬಾಕೆ ಹಲ್ಲಿನ ಡಾಕ್ಟರು. ಹಗಲು ಹಲ್ಲು ಕೀಳುತ್ತಾಳೆ, ಬಿಡುವಿದ್ದಾಗ ನಮ್ಮ ಮಾನ ಕೀಳುತ್ತಾಳೆ.

ಮೊದಲ ದಿನದ ಕಥೆ ಕೇಳು. ಮೈಕ್ ಅಂದರೆ ನನಗೆ ಭಯವೇ? ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಇಡೀ ಆಯುಷ್ಯ 'ಪ್ರಯಾಣಿಕರ ಗಮನಕ್ಕೆ' ಅಂದವನು. ಇಂಗ್ಲಿಷ್ ಬೇಕಲ್ಲ ಅಂತ ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ನೆನಪಿನ ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: 'ರೆಸ್ಪೆಕ್ಟೆಡ್ ಮೇಡಂ, ವಿತ್ ಡ್ಯೂ ರಿಗಾರ್ಡ್ಸ್ ಐ ಬೆಗ್ ಟು ಸ್ಟೇಟ್ ದಟ್ ಐ ಆಮ್ ಡಿಸೈರಸ್ ಆಫ್ ಗೋಯಿಂಗ್.' ಆಕಾಶವೆಲ್ಲ ಕೇಳಿಸಿಕೊಂಡಿತು. ಆಮೇಲೆ ಯಾರೋ ಒಬ್ಬ ಪೈಲಟ್ ಕಿಸಕ್ಕನೆ ನಕ್ಕ, ಅವನ ಹಿಂದೆ ಇನ್ನೊಬ್ಬ. ಹಲ್ಲಿನ ಡಾಕ್ಟರಮ್ಮ ನನ್ನ ಇಂಗ್ಲಿಷಿನ ರಾಗದಲ್ಲೇ ಊರು ಗುರುತು ಹಿಡಿದವಳು, ಬೇರೆ ಲೈನಿಗೆ ಕರೆದು ಅಪ್ಪಟ ಕನ್ನಡದಲ್ಲಿ, 'ಅಂಕಲ್, ಇದು ರಜಾ ಅರ್ಜಿ ಅಲ್ಲ. ನೀವ್ಯಾರು, ಎಲ್ಲಿದ್ದೀರಿ, ಏನು ಬೇಕು, ಇಷ್ಟೇ ಹೇಳಿ. ಉಪಚಾರದ ಮಾತು ಮನೇಲಿಟ್ಟು ಬನ್ನಿ' ಅಂದಳು. ನಾನು ಮನೆಯಲ್ಲೇ ಇದ್ದೇನೆ ಅಂದೆ. ಅದಕ್ಕೂ ಬೈಸಿಕೊಂಡೆ. ರನ್‌ವೇಯನ್ನು ಬಾಯಿತಪ್ಪಿ ಪ್ಲಾಟ್‌ಫಾರಂ ಅಂದಾಗಲೆಲ್ಲ 'ಅಂಕಲ್, ನಾಳೆ ನಾನು ಯಾರದ್ದೋ ಒಳ್ಳೇ ಹಲ್ಲು ಕಿತ್ರೆ ಅದು ನಿಮ್ಮ ಪಾಪ' ಅನ್ನುತ್ತಾಳೆ. ಒಂಬತ್ತಕ್ಕೆ 'ನೈನರ್' ಅನ್ನಬೇಕು, ಟೇಕಾಫ್ ಅನ್ನುವ ಶಬ್ದವನ್ನು ಹೊರಡುವ ಅಪ್ಪಣೆ ಸಿಗುವ ತನಕ ಬಾಯಿಗೇ ತರಬಾರದು. ನಿನಗೆ ನಾನು ಹೇಳಿಕೊಡುತ್ತಿದ್ದೇನೆ ನೋಡು, ಮೊಮ್ಮಗ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ.

ಎಲ್ಲಕ್ಕಿಂತ ನನ್ನನ್ನು ಸುಸ್ತು ಮಾಡಿದ್ದು ಆ ರೀಡ್‌ಬ್ಯಾಕ್. ಅವಳು ಎಲ್ಲಿಗೆ, ಯಾವ ದಾರಿ, ಎಷ್ಟು ಎತ್ತರ ಅಂತ ಹೇಳಿದ್ದನ್ನು ನಾನು ಅಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು. 'ಹೂಂ' ಅಂದರೆ ನಡೆಯುವುದಿಲ್ಲ. 'ರೋಜರ್' ಅಂದರೂ ಸಾಲದು, ಅದು ಕೇಳಿಸಿತು ಅಂದಂತೆ ಮಾತ್ರ, ಏನು ಕೇಳಿಸಿತು ಅಂತ ಯಾರಿಗೆ ಗೊತ್ತು? ನಿಮ್ಮಮ್ಮನಿಗೆ ಈ ಕಾನೂನು ಮೊದಲೇ ಸಿಕ್ಕಿದ್ದರೆ ನಾನು ಸಕ್ಕರೆಗೆ ಹೋದವನು ಸೋಪು ತರುತ್ತಿರಲಿಲ್ಲ. ತಿಂಗಳುಗಟ್ಟಲೆ ತಿಣುಕಿ ಕೊನೆಗೊಂದು ದಿನ ಡೊಲಿನ್ ಟೂ ಆಲ್ಫಾ ಅನ್ನುವ ಆ ನಿನ್ನ ಹೊರಡುವ ದಾರಿಯನ್ನು ಪೂರ್ತಿ ಒಪ್ಪಿಸಿ, 'ರೀಡ್‌ಬ್ಯಾಕ್ ಕರೆಕ್ಟ್' ಅನ್ನಿಸಿಕೊಂಡಾಗ ಕುರ್ಚಿಯಿಂದ ಎದ್ದೇ ನಿಂತೆ. ಕೆಳಮನೆಯಾಕೆ ಕಿಟಕಿಯಿಂದ, 'ಏನ್ರೀ, ದಿನಾ ಯಾರ ಜೊತೆ ಇಂಗ್ಲಿಷ್‌ನಲ್ಲಿ ಜಗಳ, ಇವತ್ತು ಗೆದ್ರಾ?' ಅಂದಳು. ಗೆದ್ದೆ ಅಂದೆ.

ಇಷ್ಟು ಕಲಿತ ಮೇಲೆ ನಮ್ಮೂರಿನ ಆಕಾಶ ನನಗೆ ಬಸ್ ನಿಲ್ದಾಣದಷ್ಟೇ ಸಲೀಸಾಯಿತು. ಇರುವುದು ಒಂದೇ ರನ್‌ವೇ, ಎರಡು ಗೇಟಿನ ನಿಲ್ದಾಣದ ಹಾಗೆ. ಪಶ್ಚಿಮಕ್ಕೆ ಹೊರಟರೆ ಅದರ ಹೆಸರು ಟೂ ಸೆವೆನ್, ಪೂರ್ವಕ್ಕೆ ಹೊರಟರೆ ಝೀರೋ ನೈನರ್. ಯಾವ ಕಡೆ ಅಂತ ಹೇಳುವವನು ಪೈಲಟ್ಟೂ ಅಲ್ಲ, ಕಂಟ್ರೋಲರೂ ಅಲ್ಲ, ಗಾಳಿ. ಗಾಳಿಗೆ ಎದೆ ಕೊಟ್ಟು ಹೊರಡಬೇಕು. ನಮ್ಮ ಮನೆ, ಟ್ಯಾಂಕು ಎರಡೂ ವಿಮಾನ ನಿಲ್ದಾಣದ ಪಶ್ಚಿಮಕ್ಕೆ. ಪಶ್ಚಿಮದ ಗಾಳಿ ಇದ್ದರೆ ಹೊರಡುವ ವಿಮಾನಗಳೆಲ್ಲ ನಮ್ಮ ನೆತ್ತಿಯ ಮೇಲೆಯೇ. ಇಷ್ಟು ತಿಂಗಳು ಹಾಗೇ ಇತ್ತು. ಗಾಳಿ ತಿರುಗಿದರೆ ಎಲ್ಲ ಉಲ್ಟಾ: ಹೊರಡುವವು ಪೂರ್ವಕ್ಕೆ, ಆ ಕಡೆಗೇ ಹೋಗುತ್ತವೆ, ನಮ್ಮ ಮೇಲೆ ಬರುವುದು ಇಳಿಯುವ ವಿಮಾನ ಮಾತ್ರ. ಇದನ್ನು ಚೆನ್ನಾಗಿ ನೆನಪಿಟ್ಟುಕೋ. ನಿನಗೆ ನೆನಪಿಟ್ಟುಕೋ ಅನ್ನಬೇಕಾಗಿ ಬಂತಲ್ಲ, ಅದೇ ನನ್ನ ಎದೆಗೆ ಬಿದ್ದ ಸಿಡಿಲು.

ಗುರುವಾರ ಬೆಳಿಗ್ಗೆ ನಿನ್ನ ಫೋನ್ ಬಂತು. 'ಅಪ್ಪಾ, ಇವತ್ತು ಹನ್ನೊಂದರ ಹೊತ್ತಿಗೆ. ಎಂದಿನ ಹಾಗೆ ಟೂ ಸೆವೆನ್, ಡೊಲಿನ್ ಟೂ ಆಲ್ಫಾ. ಟವೆಲ್ ರೆಡಿ ಇಟ್ಕೋ.' ನನಗೋ ಹಿಗ್ಗು. ನೀನು ಅಲ್ಲಿ ನಿಜವಾಗಿ ಹೊರಡುವಾಗ ನಾನು ಇಲ್ಲಿ ಕಂಪ್ಯೂಟರಿನ ಗಾಜಿನೊಳಗೆ ಅದೇ ರನ್‌ವೇಯಿಂದ, ಅದೇ ದಾರಿಯಲ್ಲಿ, ಜೊತೆಜೊತೆಗೆ ಹೊರಡುವುದು, ಮೇಲೆ ಓಡಿ ಟವೆಲ್ ಬೀಸುವುದು, ಸಂಜೆ ನೀನು ಫೋನ್ ಮಾಡಿದಾಗ ಇಡೀ ಮಂತ್ರ ಒಪ್ಪಿಸಿ ನಿನ್ನ ಉಸಿರು ನಿಲ್ಲಿಸುವುದು. ಉಸಿರು ನಿಂತದ್ದು ಯಾರದು ನೋಡು. ಹೆಡ್‌ಫೋನ್ ಸಿಕ್ಕಿಸಿ ಟೂ ಸೆವೆನ್ ಕೇಳಿದೆ. ಹಲ್ಲಿನ ಡಾಕ್ಟರಮ್ಮ ಹೇಳಿದಳು, 'ನೆಗೆಟಿವ್. ರನ್‌ವೇ ಇನ್ ಯೂಸ್ ಝೀರೋ ನೈನರ್.' ಆಲ್ಫಾ ಬದಲು ಡೊಲಿನ್ ಟೂ ಬ್ರಾವೊ ಅಂತ ಪೂರ್ವದ ದಾರಿ ಕೊಟ್ಟಳು. ನನಗೆ ರೇಗಿತು. 'ಮೇಡಂ, ಮೈ ಓನ್ ಡಾಟರ್ ಈಸ್ ಡಿಪಾರ್ಟಿಂಗ್ ಫ್ರಮ್ ಟೂ ಸೆವೆನ್, ಕೈಂಡ್ಲಿ ಡು ದ ನೀಡ್‌ಫುಲ್' ಅಂದೆ. ಅವಳು ಪಾಪ ನಕ್ಕಳು. 'ಅಂಕಲ್, ನಮ್ಮಲ್ಲಿ ವಿಮಾನ ಸುಳ್ಳು, ರನ್‌ವೇ ಸುಳ್ಳು, ಗಾಳಿ ಮಾತ್ರ ನಿಜದ್ದು, ಅಲ್ಲಿ ಹೇಗೆ ಬೀಸ್ತಿದೆಯೋ ಹಾಗೇ ನಮಗೂ ಬರತ್ತೆ. ನಿನ್ನೆ ರಾತ್ರಿ ತಿರುಗಿದೆ, ಪೂರ್ವದಿಂದ ಜೋರಾಗಿದೆ. ಇಂಥ ಗಾಳೀನ ಬೆನ್ನಿಗೆ ಹಾಕ್ಕೊಂಡು ಯಾವ ಪೈಲಟ್ ಹೊರಡ್ತಾರೆ? ನಂಬಿಕೆ ಇಲ್ದಿದ್ರೆ ಕಿಟಕಿ ತೆಗೆದು ನೋಡಿ.'

ಕಿಟಕಿ ಸಾಲದೆ ತಾರಸಿಗೇ ಓಡಿದೆ, ಹೆಡ್‌ಫೋನಿನ ವಯರು ಕುತ್ತಿಗೆಗೆ ಸುತ್ತಿಕೊಂಡೇ. ಹಗ್ಗದ ಮೇಲೆ ನಮ್ಮ ಕೆಂಪು ಟವೆಲ್ ಇತ್ತು, ಕ್ಲಿಪ್ಪು ಹಾಕಿದ್ದಕ್ಕೆ ಉಳಿದಿತ್ತು. ಅದು ಟ್ಯಾಂಕಿನ ಕಡೆಗಲ್ಲ, ಅದಕ್ಕೆ ಬೆನ್ನು ತಿರುಗಿಸಿ ಪಶ್ಚಿಮಕ್ಕೆ ಪಟಪಟನೆ ಹಾರುತ್ತಿತ್ತು. ನಾನು ಅಲ್ಲೇ ಕಾಯುತ್ತ ನಿಂತೆ. ಹನ್ನೊಂದು ಕಳೆಯಿತು. ಬಂತೊಂದು ವಿಮಾನ, ಆದರೆ ಟ್ಯಾಂಕಿನ ಆಚೆಯಿಂದಲ್ಲ, ನನ್ನ ಬೆನ್ನ ಹಿಂದಿನಿಂದ. ಚಕ್ರಗಳನ್ನು ಕೆಳಕ್ಕೆ ಇಳಿಬಿಟ್ಟುಕೊಂಡು, ಹದ್ದು ಕೊಂಬೆಗೆ ಕಾಲು ಚಾಚುವ ಹಾಗೆ, ತಗ್ಗಿ ತಗ್ಗಿ ನಿಲ್ದಾಣದ ಕಡೆಗೆ ಹೋಯಿತು. ಅದರ ಹಿಂದೆ ಇನ್ನೊಂದು, ಅದೂ ಇಳಿಯುವಂಥದ್ದೇ. ನಮ್ಮ ಮನೆಯ ಮೇಲಿಂದ ಆ ಹೊತ್ತು ಒಂದೇ ಒಂದು ವಿಮಾನವೂ ಊರು ಬಿಟ್ಟು ಹೋಗಲಿಲ್ಲ. ನಾನು ಟವೆಲ್ ಮುಟ್ಟಲಿಲ್ಲ. ಎರಡೂ ಕೈಯಲ್ಲಿ ತಾರಸಿಯ ಗೋಡೆ ಹಿಡಿದುಕೊಂಡಿದ್ದೆ. ಕೆಳಮನೆಯಾಕೆ ಅಂಗಳದಿಂದ, 'ಇವತ್ಯಾಕ್ರೀ ಟಾಟಾ ಇಲ್ಲ, ಮಗಳ ಜೊತೆ ಟೂ ಬಿಟ್ರಾ?' ಅಂತ ಕೂಗಿದಳು. ನಾನು ಮೆಟ್ಟಿಲಿಳಿದು ಒಳಗೆ ಹೋದೆ.

ಆಗಲೂ ಮನಸ್ಸು ಒಪ್ಪಲಿಲ್ಲ ಗೊತ್ತಾ. ಕೊನೇ ಗಳಿಗೆಯಲ್ಲಿ ಡ್ಯೂಟಿ ಬದಲಾಗಿರಬೇಕು, ಕೂಸು ಹೇಳಲು ಮರೆತಿರಬೇಕು ಅಂತ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಸಂಜೆ ಫೋನ್ ಮಾಡಿದೆ ನೀನು. 'ಕಂಡಿತು ಅಪ್ಪಾ! ಇವತ್ತು ಏನು ಜೋರಾಗಿ ಬೀಸ್ತಿದ್ದೆ!' ನಾನು 'ಹೂಂ' ಅಂದೆ.  ಫೋನಿಟ್ಟು ಅಲ್ಲೇ ನೆಲದ ಮೇಲೆ ಕೂತೆ. ಹಾಲು ಉಕ್ಕಿ ಒಲೆ ಆರಿಹೋದದ್ದೂ ತಿಳಿಯಲಿಲ್ಲ. ಡ್ಯೂಟಿ ರೋಸ್ಟರ್ ಬದಲಾಗಬಹುದು, ವಿಮಾನ ತಡವಾಗಬಹುದು, ಅಪ್ಪನಿಗೆ ಒಂದೆರಡು ಸುಳ್ಳು ಹೇಳಬಹುದು. ಆದರೆ ಪೈಲಟ್ ಆದವಳು ಗಾಳಿ ನೋಡದೆ ರನ್‌ವೇ ಹೆಸರು ಹೇಳುವುದುಂಟಾ? ನನ್ನಂಥ ಮೇಜಿನ ಪೈಲಟ್ಟೇ ಮೊದಲು ಕೇಳುವುದು ಗಾಳಿಯನ್ನು. ಅದನ್ನು ನೋಡದೆ ನೀನು ಮಾತಾಡಿದೆ ಅಂದರೆ ನೀನು ಆ ಸೀಟಿನಲ್ಲಿ ಇರಲಿಲ್ಲ, ಆ ವಿಮಾನದಲ್ಲಿ ಇರಲಿಲ್ಲ, ನಮ್ಮೂರಿನಲ್ಲೇ ಇರಲಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಕೂತು, ಹಳೇ ಅಭ್ಯಾಸದ ಮೇಲೆ ಹಳೇ ಮಂತ್ರ ಹೇಳಿದ್ದೆ. ಹೌದಲ್ಲವೆ? ಎಷ್ಟು ತಿಂಗಳಿಂದ ಮಗಳೇ? ನಾನು ಯಾರ್ಯಾರ ಮಕ್ಕಳಿಗೆ ಟವೆಲ್ ಬೀಸಿದ್ದೇನೆ?

ಮನಸ್ಸಿಗೆ ಬಂದದ್ದೆಲ್ಲ ಯೋಚಿಸಿದೆ. ಕೆಲಸದಿಂದ ತೆಗೆದಿರಬಹುದೇ, ಏನಾದರೂ ಅನಾಹುತ ಆಗಿರಬಹುದೇ, ನೀನೇ ಬೇಸತ್ತು ಬಿಟ್ಟಿರಬಹುದೇ. ನಿನ್ನ ಕಂಪನಿಗೆ ಫೋನ್ ಮಾಡಿ ಕೇಳಬಹುದಿತ್ತು, ನಂಬರ್ ಕೂಡ ಒತ್ತಿದೆ, ಅಷ್ಟರಲ್ಲೇ ಇಟ್ಟುಬಿಟ್ಟೆ. ಮಗಳ ಸುದ್ದಿ ಮೂರನೆಯವರ ಬಾಯಿಂದ ಬೇಡ. ಆಮೇಲೆ ನೀರು ಕುಡಿಯಲು ಎದ್ದವನು ಮೆಟ್ಟಿಲ ಕಡೆ ನೋಡಿದೆ, ಅಲ್ಲಿಗೇ ನಿಂತೆ. ಹೋದ ಸಲ ಎರಡು ದಿನದ ಮಟ್ಟಿಗೆ ಬಂದಿದ್ದೆಯಲ್ಲ, ಹೊರಡುವ ದಿನ ಇಳಿಯುತ್ತ ಅರ್ಧದಲ್ಲಿ ನಿಂತು, ಗೋಡೆಗೆ ಇಡೀ ಅಂಗೈ ಒತ್ತಿ ಕಣ್ಣು ಮುಚ್ಚಿದೆ. 'ಚಪ್ಪಲಿ ಜಾರ್ತು ಅಪ್ಪಾ' ಅಂದೆ. ನೀನು ಬರಿಗಾಲಲ್ಲಿ ಇದ್ದೆ, ಚಪ್ಪಲಿ ಕೆಳಗೆ ಬಾಗಿಲ ಬಳಿ ಇತ್ತು. ನೀನು ಕೈಯಿಟ್ಟ ಜಾಗದಲ್ಲಿ ಬಣ್ಣ ಮಾಸಿ ಒಂದು ಮಚ್ಚೆಯಾಗಿದೆ ನೋಡು, ಅದು ನಿಮ್ಮಮ್ಮನ ಅಂಗೈಯ ಮಚ್ಚೆ. ತಲೆಸುತ್ತು ಬಂದಾಗಲೆಲ್ಲ ಅವಳು ಅಲ್ಲೇ ನಿಲ್ಲುತ್ತಿದ್ದಳು, 'ಮನೆ ತಿರುಗ್ತಿದೆ ರೀ, ನಿಂತ ಮೇಲೆ ಇಳೀತೀನಿ' ಅನ್ನುತ್ತಿದ್ದಳು. ಕಿವಿಯೊಳಗಿನ ನೀರು ಏರುಪೇರಾಗುವ ಕಾಯಿಲೆ, ಡಾಕ್ಟರು ಹೇಳಿದ್ದು ನಿನಗೂ ನೆನಪಿರಬೇಕು. ಶುಕ್ರವಾರ ಹಲ್ಲಿನ ಡಾಕ್ಟರಮ್ಮನನ್ನು ಯಾರದೋ ವಿಷಯ ಅನ್ನುವ ಹಾಗೆ ಕೇಳಿದೆ. ಅವಳು ನಗಲಿಲ್ಲ. 'ಕಿವಿ ಕೈಕೊಟ್ರೆ ಮೆಡಿಕಲ್ ಪಾಸಾಗಲ್ಲ ಅಂಕಲ್, ಎಷ್ಟೇ ಒಳ್ಳೇ ಪೈಲಟ್ ಆದ್ರೂ ಸೀಟಲ್ಲಿ ಕೂರಿಸಲ್ಲ' ಅಂದಳು. ಆಮೇಲೆ ತಾನಾಗಿಯೇ, 'ಅಂಕಲ್, ಇವತ್ತು ಹಾರಿಸ್ಬೇಡಿ, ರೆಸ್ಟ್ ತಗೊಳ್ಳಿ' ಅಂದಳು.

ನಿನಗೂ ಅಮ್ಮನ ಕಿವಿಯೇ ಬಂದಿದೆ ಅನ್ನುವ ನನ್ನ ಊಹೆ ತಪ್ಪಾಗಿದ್ದರೆ ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸು, ತಪ್ಪು ಅನ್ನಿಸಿಕೊಳ್ಳಲು ನನಗೆ ಇಷ್ಟು ಆಸೆ ಯಾವತ್ತೂ ಆಗಿರಲಿಲ್ಲ. ಆದರೆ ನಿಜವಾಗಿದ್ದರೆ ಇಷ್ಟು ಕೇಳಿಸಿಕೋ. ತಲೆಸುತ್ತಿನಿಂದ ಯಾರೂ ಸಾಯುವುದಿಲ್ಲ. ನಿಮ್ಮಮ್ಮ ಹೋದದ್ದು ಎದೆಯ ಕಾಯಿಲೆಯಿಂದ, ಕಿವಿಯಿಂದಲ್ಲ. ಅದೇ ಕಿವಿ ಇಟ್ಟುಕೊಂಡು ಅವಳು ಸಂಸಾರ ನಡೆಸಿದಳು, ಊರವರ ಬಟ್ಟೆ ಹೊಲಿದಳು, ನಿನ್ನನ್ನು ಆಕಾಶಕ್ಕೆ ಕಳಿಸಿದಳು. ನೀನು ಯಾಕೆ ಮುಚ್ಚಿಟ್ಟೆ ಅಂತ ನನಗೆ ಗೊತ್ತು. ಒಬ್ಬಂಟಿ ಮುದುಕನಿಗೆ ಇರುವುದೊಂದು ಕೆಂಪು ಟವೆಲ್, ಅದರ ಕೆಲಸವನ್ನೂ ಕಿತ್ತುಕೊಳ್ಳುವುದು ಬೇಡ ಅಂತ. ಹುಟ್ಟಿದಾಗಿನಿಂದ ನಮ್ಮಿಬ್ಬರಿಗೂ ನೀನೇ ಅಪ್ಪಣೆ ಕೊಡುತ್ತಿದ್ದೆ ಅಂತಲೇ ನಿಮ್ಮಮ್ಮ ನಿನಗೆ ದೊಡ್ಡಮನುಷ್ಯೆ ಅಂತ ಹೆಸರಿಟ್ಟದ್ದು. ಆದರೆ ಕಂದಾ, ಅಷ್ಟು ದೊಡ್ಡ ಸುದ್ದಿಯನ್ನು ಯಾವುದೋ ಬಾಡಿಗೆ ಕೋಣೆಯಲ್ಲಿ, ತಿರುಗುವ ಗೋಡೆ ಹಿಡಿದುಕೊಂಡು, ಒಬ್ಬಳೇ ಹೊತ್ತಿದ್ದೀಯಲ್ಲ, ಆ ಚಿತ್ರ ಕಣ್ಣಿಗೆ ಕಟ್ಟಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ನನ್ನ ಗಾಬರಿ ಕೆಲಸ ಹೋದದ್ದಕ್ಕಲ್ಲ. ಬೆಳಿಗ್ಗೆ ಎದ್ದು, ನಗುವ ದನಿ ಮಾಡಿಕೊಂಡು ಟೂ ಸೆವೆನ್ ಅನ್ನಲು ನಿನಗೆ ಎಷ್ಟು ಕಷ್ಟವಾಗಿರಬೇಕು, ಅದಕ್ಕೆ.

ಕೆಳಮನೆಯಾಕೆ ನಿನ್ನನ್ನು ಕೇಳಿದಳು ಅಂತ ಬರೆಯಲು ಹೇಳಿದ್ದಾಳೆ. ನಾನು ಏನೂ ಬಾಯಿಬಿಟ್ಟಿಲ್ಲ. ಹೊತ್ತಿಗೆ ಉಣ್ಣು, ಒಮ್ಮೆಲೇ ಏಳಬೇಡ, ನಿಮ್ಮಮ್ಮನ ಹಾಗೆ ಮಂಚದ ಅಂಚಿನಲ್ಲಿ ಸ್ವಲ್ಪ ಕೂತು ಆಮೇಲೆ ಕಾಲೂರು. ನೂರು ಕಾಲ ಚೆನ್ನಾಗಿರು.

ಇಂತು,
ನೆಲದ ಮೇಲೆಯೇ ಇರುವ ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನೆ ಹೇಳಿಕಳಿಸಿದ್ದ ಬಡಗಿ ಬಂದ. ಅವನ ಕೆಲಸ ಈಗಷ್ಟೇ ಮುಗಿಯಿತು, ಅಂಚೆ ತೆಗೆಯುವ ಹೊತ್ತಾಗುತ್ತಿದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೆಟ್ಟಿಲ ಗೋಡೆಗೆ ಕೆಳಗಿನಿಂದ ತಾರಸಿಯ ತನಕ ಮರದ ಹಿಡಿಕೆ ಹಾಕಿಸಿದೆ, ಅಮ್ಮನ ಅಂಗೈ ಮಚ್ಚೆ ಮುಚ್ಚದ ಹಾಗೆ, ಅದರ ಕೆಳಗೆ. 'ಯಾರಿಗೆ ಯಜಮಾನ್ರೇ, ನಿಮ್ಮ ಮಂಡಿಗಾ?' ಅಂದ. 'ನನ್ನ ಮಗಳು ಬರ್ತಾಳೆ' ಅಂದೆ. ಈಗ ಸರಿಯಾಗಿ ಕೇಳು, ಇದು ಅಪ್ಪಣೆ: ಕ್ಲಿಯರ್ಡ್ ಟು ಮನೆ. ದಾರಿ ರೈಲಾದರೂ ಸರಿ, ಬಸ್ಸಾದರೂ ಸರಿ. ಯಾವ ಗಾಳಿಯಾದರೂ ಸರಿ. ಕೆಳಗಿನ ಬಾಗಿಲಲ್ಲಿ ನಾನಿರುತ್ತೇನೆ. ಎಡಕ್ಕೆ ತಿರುಗಿ ಹಿಡಿಕೆ ಹಿಡಿ, ಅರ್ಧದಲ್ಲಿ ಬೇಕಾದಷ್ಟು ಹೊತ್ತು ನಿಲ್ಲು, ಮೇಲೆ ಬಂದು ಟವೆಲ್‌ನ ಇನ್ನೊಂದು ತುದಿ ಹಿಡಿ. ಕಾಗದ ಮುಟ್ಟಿದ ದಿನವೇ ಫೋನ್ ಮಾಡು. ಬರೀ ರೋಜರ್ ಅನ್ನಬೇಡ. ಪೂರ್ತಿ ತಿರುಗಿ ಒಪ್ಪಿಸು.